ಕತೆ ಕೈತಪ್ಪಿತೇ? ತಪ್ಪಲಿ ಬಿಡಿ!

ಜುಲೈ ತಿಂಗಳಲ್ಲಿ ಮೂಡಿಗೆರೆಗೆ ಮಳೆ ಹಿಡಿದರೆ ಹೇಗಿರುತ್ತೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಶಾಲೆಗೆ ಮಳೆ ರಜೆ. ಕರೆಂಟು ಹೋಗಿ ಎರಡು ದಿನ. ಮೊಬೈಲಿನಲ್ಲಿ ಚಾರ್ಜೂ ಇಲ್ಲ, ಸಿಗ್ನಲ್ಲೂ ಇಲ್ಲ. ಒಗೆದ ಬಟ್ಟೆಯೆಲ್ಲಾ ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ. ಇಷ್ಟರ ನಡುವೆ ಮನೆ ತುಂಬ ಮಕ್ಕಳು, ಹತ್ತು ನಿಮಿಷಕ್ಕೊಮ್ಮೆ ‘ಅಮ್ಮಾ, ಬೋರು’ ಅನ್ನೋ ರಾಗ!

ಮೂರು ವರ್ಷದ ಹಿಂದೆ ಇಂಥದ್ದೇ ಒಂದು ಮಳೆಯಲ್ಲಿ ನಾನೊಂದು ತಪ್ಪು ಮಾಡಿದೆ. ದೊಡ್ಡ ತಪ್ಪೇನಲ್ಲ, ಯಾರೂ ಅದನ್ನು ತಪ್ಪು ಅನ್ನಲೂ ಇಲ್ಲ. ಆದರೆ ಅದು ನನ್ನ ಮನಸ್ಸಿನಿಂದ ಹೋಗಿಲ್ಲ. ನಿಮ್ಮ ಮನೆಯಲ್ಲೂ ಮಕ್ಕಳಿದ್ದರೆ ಉಪಯೋಗಕ್ಕೆ ಬಂದೀತು ಅಂತ ಹೇಳುತ್ತಿದ್ದೇನೆ.

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಣ್ಣನ ಮಗಳು ಆ ವರ್ಷ ಬೇಸಿಗೆಯಲ್ಲಿ ಬಂದಾಗ ಒಂದು ಆಟ ಕಲಿಸಿಹೋಗಿದ್ದಳು. ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಅಂತ ಹೆಸರು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ ಆಟ. ನಿಮ್ಮ ಮಕ್ಕಳು ‘ಸ್ಟ್ರೇಂಜರ್ ಥಿಂಗ್ಸ್’ ನೋಡಿದ್ದರೆ ಕೇಳಿ, ಅದರ ಮೊದಲ ಕಂತಿನಲ್ಲೇ ಹುಡುಗರು ಕೂತು ಆಡುವುದು ಇದೇ ಆಟವನ್ನು. ಹಾಸು, ಮನೆ, ಕಾಯಿ ಯಾವುದೂ ಇಲ್ಲದೆಯೂ ಆಡಬಹುದು. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ. ‘ಗುಹೆಯ ಬಾಗಿಲಲ್ಲಿ ನಿಂತಿದ್ದೀರಿ, ಒಳಗೆ ಗೊರಕೆ ಕೇಳಿಸುತ್ತಿದೆ, ಏನು ಮಾಡ್ತೀರಿ?’ ಅಂತ ಕತೆ ನಡೆಸುವವರು ಕೇಳಬೇಕು. ಏನು ಮಾಡುತ್ತೇವೆ ಅಂತ ಪಾತ್ರದವರು ಹೇಳಬೇಕು. ಅದು ಆಗುತ್ತೋ ಇಲ್ಲವೋ ಅನುಮಾನವಿದ್ದರೆ ದಾಳ ಹಾಕುವುದು. ಅವರ ದಾಳಕ್ಕೆ ಇಪ್ಪತ್ತು ಮುಖ. ನಮ್ಮಲ್ಲಿ ಅದೆಲ್ಲಿ ಬಂತು? ಚೌಕಾಬಾರದ ನಾಲ್ಕು ಕವಡೆ ಸಾಕಾಯಿತು.

ನನ್ನ ಎರಡು ಪುಟದ ಕತೆ

ಕತೆ ನಡೆಸುವವಳು ನಾನು. ಆಡುವವರು ನಾಲ್ವರು: ಎಂಟನೇ ಕ್ಲಾಸಿನ ನನ್ನ ಮಗಳು, ಪಕ್ಕದ ಮನೆಯ ಅಕ್ಕ-ತಮ್ಮ, ಮತ್ತೆ ನನ್ನ ನಾದಿನಿಯ ಮಗ. ಅವನನ್ನು ಆ ವರ್ಷವೇ ಆರನೇ ಕ್ಲಾಸಿಗೆ ಅಂತ ಘಟ್ಟದ ಕೆಳಗಿನ ಹಾಸ್ಟೆಲ್‌ಗೆ ಸೇರಿಸಿದ್ದರು. ಮಳೆಗೆ ರಜೆ ಕೊಟ್ಟು ಕಳಿಸಿದ್ದರೂ ಕಳಸದ ರಸ್ತೆಗೆ ಮರ ಬಿದ್ದು, ಮನೆ ಮುಟ್ಟಲಾಗದೆ ನಮ್ಮಲ್ಲೇ ಉಳಿದಿದ್ದ. ಮಾತು ಕಡಿಮೆ. ‘ಹಾಸ್ಟೆಲ್ ಹೇಗಿದೆಯೋ?’ ಅಂದರೆ ‘ಚೆನ್ನಾಗಿದೆ ಅತ್ತೆ’, ಅಷ್ಟೇ.

ನಾನು ಹಿಂದಿನ ರಾತ್ರಿಯೇ ಕೂತು ಎರಡು ಪುಟ ಕತೆ ಬರೆದಿಟ್ಟಿದ್ದೆ. ಬಲ್ಲಾಳರಾಯನ ದುರ್ಗದ ಮೇಲೊಬ್ಬಳು ರಾಕ್ಷಸಿ. ಅವಳು ಹೂಮಳೆಯನ್ನೇ ಹಿಡಿದು ಒಂದು ತಾಮ್ರದ ಹಂಡೆಯೊಳಗೆ ಮುಚ್ಚಿಟ್ಟಿದ್ದಾಳೆ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬರದಿದ್ದರೆ ಕಾಫಿ ಗಿಡದ ಗತಿಯೇನು ಅಂತ ತೋಟದ ಮಕ್ಕಳಿಗೆ ಹೇಳಿಕೊಡಬೇಕೇ? ನಾಲ್ವರೂ ಬೆಟ್ಟ ಹತ್ತಬೇಕು, ಗುಹೆ ಹುಡುಕಬೇಕು, ರಾಕ್ಷಸಿಯನ್ನು ಸೋಲಿಸಿ ಹಂಡೆಯ ಮುಚ್ಚಳ ತೆಗೆಯಬೇಕು. ಕೊನೆಯ ಯುದ್ಧವನ್ನಂತೂ ಭಾರೀ ಮುತುವರ್ಜಿಯಿಂದ ಬರೆದಿದ್ದೆ!

ಎಲ್ಲಾ ಚೆನ್ನಾಗಿಯೇ ನಡೆಯಿತು. ಗುಹೆ ಬಂತು. ರಾಕ್ಷಸಿ ಎದ್ದು ನಿಂತಳು. ‘ಈಗ ಏನು ಮಾಡ್ತೀರಿ?’ ಅಂದೆ. ಮೂವರು ಕತ್ತಿ ಹಿರಿದರು. ನಾದಿನಿಯ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: “ನಾನು ಕತ್ತಿ ಕೆಳಗಿಡ್ತೀನಿ ಅತ್ತೆ. ಅವಳ ಒಲೆ ಮುಂದೆ ಕೂತ್ಕೊಳ್ತೀನಿ. ಊಟಕ್ಕೆ ಏನಿದೆ ಅಂತ ಕೇಳ್ತೀನಿ.”

ಉಳಿದ ಮೂವರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ, “ರಾಕ್ಷಸಿ ಮನೇಲಿ ಯಾರಾದ್ರೂ ಊಟ ಕೇಳ್ತಾರೇನೋ? ಆಟ ಕೆಡಿಸಬೇಡ, ಯುದ್ಧ ಮಾಡು” ಅಂದೆ. ಅವನು “ಆಯ್ತು ಅತ್ತೆ” ಅಂದು ಕವಡೆ ಹಾಕಿದ. ರಾಕ್ಷಸಿ ಸತ್ತಳು. ಹೂಮಳೆ ಬಂತು. ನಾನು ಬರೆದ ಹಾಗೇ ಕತೆ ಮುಗಿಯಿತು.

ಮರುದಿನ ಯಾರೂ ಆ ಆಟ ಕೇಳಲಿಲ್ಲ.

ರಾತ್ರಿ ನಾನು ರೊಟ್ಟಿ ತಟ್ಟುತ್ತಿದ್ದಾಗ ಅವನು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತ. ಎಷ್ಟೋ ಹೊತ್ತು ಕೂತೇ ಇದ್ದ. “ಯಾಕೋ ಮಗಾ, ಹಸಿವಾ?” ಅಂದೆ. “ಇಲ್ಲ. ಹಾಸ್ಟೆಲಲ್ಲಿ ಅಡುಗೆಮನೆ ಒಳಗೆ ಬಿಡಲ್ಲ ಅತ್ತೆ” ಅಂದ.

ಒಂದು ವಾರದಲ್ಲಿ ಆ ಹುಡುಗ ತನ್ನ ಬಗ್ಗೆ ಏನಾದರೂ ಹೇಳಿದ್ದು ಎರಡೇ ಸಲ. ಎರಡನೆಯದು ಇದು. ಮೊದಲನೆಯದನ್ನು ನಾನು ‘ಆಟ ಕೆಡಿಸಬೇಡ’ ಅಂದು ಬಾಯಿ ಮುಚ್ಚಿಸಿದ್ದೆ!

ಮಾವ ಹೇಳಿದ ಮಾತು

ನಮ್ಮ ಮಾವನವರು ವಯಸ್ಸಿನಲ್ಲಿ ತಾಳಮದ್ದಳೆಗೆ ಮದ್ದಳೆ ನುಡಿಸುತ್ತಿದ್ದವರು. ಮಲೆನಾಡಿನ ಮನೆಗಳಿಗೆ ತಾಳಮದ್ದಳೆ ಹೊಸದಲ್ಲ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ನಡೆಯುವ ಯಕ್ಷಗಾನ ಅದು. ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ಅದಕ್ಕೆ ಒಳ್ಳೆಯ ಸುಗ್ಗಿ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಪದ್ಯ ಬರೆದಿಟ್ಟದ್ದು. ಆದರೆ ಆ ಪದ್ಯ ಹಿಡಿದು ಅರ್ಥಧಾರಿಗಳು ಆಡುವ ಮಾತು ಅಲ್ಲೇ, ಆಗಲೇ ಹುಟ್ಟಬೇಕಾದದ್ದು. ಎದುರಿನವರು ಏನು ಕೇಳುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ.

ನನ್ನ ಕತೆ ಕೇಳಿ ಮಾವ ನಕ್ಕರು. “ಅಲ್ಲ ಕಣಮ್ಮ, ವಾಲಿ ಸಾಯ್ತಾನೆ ಅಂತ ಊರಿಗೆಲ್ಲಾ ಗೊತ್ತು. ಆದರೂ ‘ಮರದ ಮರೆಯಿಂದ ಯಾಕೆ ಹೊಡೆದೆ?’ ಅಂತ ವಾಲಿ ಕೇಳಿದರೆ ರಾಮ ಉತ್ತರ ಕೊಡಲೇಬೇಕು. ‘ಬೇಗ ಸಾಯಪ್ಪ, ಹೊತ್ತಾಯ್ತು’ ಅಂತ ಭಾಗವತರು ಅಂತಾರಾ? ಅವನ ಮಾತು ಹಿಡಿದುಕೊಂಡೇ ಮುಂದಿನ ಪದ್ಯಕ್ಕೆ ಬರಬೇಕು. ಅದಪ್ಪ ಭಾಗವತಿಕೆ” ಅಂದರು.

ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ, ರಾವಣರ ಅರ್ಥ ಕೇಳಿದವರು ಇವತ್ತಿಗೂ ಆ ಮಾತನ್ನು ನೆನೆಯುತ್ತಾರೆ. ಜನ ರಾತ್ರಿಯಿಡೀ ನಿದ್ದೆಗೆಟ್ಟು ಕೂರುತ್ತಿದ್ದದ್ದು ಕೊನೆಗೆ ಏನಾಗುತ್ತೆ ಅಂತ ತಿಳಿಯಲಿಕ್ಕಲ್ಲ, ಅದು ಎಲ್ಲರಿಗೂ ಗೊತ್ತೇ ಇತ್ತು. ಈ ಸಲ ಏನು ಮಾತು ಹುಟ್ಟುತ್ತೆ ಅನ್ನೋ ಆಸೆಗೆ ಕೂರುತ್ತಿದ್ದರು.

ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸ ಇದೆ ಅನ್ನಿ. ಪ್ರಸಂಗದಲ್ಲಿ ವಾಲಿ ಸಾಯಲೇಬೇಕು. ನಮ್ಮ ಮಕ್ಕಳ ಆಟದಲ್ಲಿ ರಾಕ್ಷಸಿ ಸಾಯಲೇಬೇಕು ಅಂತ ಯಾವ ಪುರಾಣದಲ್ಲೂ ಬರೆದಿಲ್ಲ. ಬರೆದದ್ದು ನಾನು, ನಿನ್ನೆ ರಾತ್ರಿ, ಹಳೇ ನೋಟ್‌ಬುಕ್ಕಿನಲ್ಲಿ! ಅಂದ ಮೇಲೆ ಬದಲಾಯಿಸಲು ನನಗೇನು ಕಷ್ಟ?

ಹಾಗಾದರೆ ಏನು ಮಾಡಬೇಕು?

ಅಲ್ಲಿಂದ ಈಚೆಗೆ ಮಳೆಗಾಲ, ದಸರಾ, ಬೇಸಿಗೆ ರಜೆ ಅಂತ ಎಷ್ಟೋ ಸಲ ಆಡಿಸಿದ್ದೇನೆ. ಪ್ರತಿ ಸಲವೂ ಮಕ್ಕಳು ನನ್ನ ಲೆಕ್ಕ ತಪ್ಪಿಸಿದ್ದಾರೆ. ಅನುಭವದಿಂದ ಕಲಿತ ಕೆಲವು ಉಪಾಯ ಇಲ್ಲಿವೆ.

*ಮೊದಲು ಕೇಳಿ, ಆಮೇಲೆ ಹೇಳಿ.* ಮಗು ವಿಚಿತ್ರವಾಗಿ ಏನಾದರೂ ಅಂದರೆ ‘ಛೆ, ಹಾಗೆಲ್ಲಾ ಆಗಲ್ಲ’ ಅನ್ನುವ ಮುಂಚೆ ‘ಹಾಗೆ ಮಾಡಿ ಏನಾಗಬೇಕು ಅಂತ ನಿನ್ನಾಸೆ?’ ಅಂತ ಕೇಳಿ. ಪಕ್ಕದ ಮನೆ ಹುಡುಗ ಒಮ್ಮೆ ‘ನಾನು ಕಾಡಿಗೇ ಬೆಂಕಿ ಹಾಕ್ತೀನಿ’ ಅಂದ. ಕೇಳಿದರೆ ಅವನಿಗೆ ಬೇಕಾಗಿದ್ದದ್ದು ಕಾವಲಿನವರನ್ನು ಗುಹೆಯಿಂದ ದೂರ ಕಳಿಸುವುದು. ಬುದ್ಧಿ ಒಳ್ಳೆಯದೇ, ದಾರಿ ಮಾತ್ರ ಒರಟು. ಅರ್ಧಕ್ಕರ್ಧ ಸಮಸ್ಯೆ ಈ ಒಂದು ಪ್ರಶ್ನೆಯಲ್ಲೇ ಮುಗಿಯುತ್ತೆ.

*‘ಆಗಲ್ಲ’ ಬದಲು ‘ಆಯ್ತು, ಆದ್ರೆ…’ ಅನ್ನಿ.* ಅದೇ ಹುಡುಗನಿಗೆ ನಾನು ಹೇಳಿದ್ದು: ‘ಆಯ್ತು. ಆದ್ರೆ ಮಳೆಗೆ ಸೌದೆ ಎಲ್ಲಾ ಹಸಿ. ಬೆಂಕಿ ಹತ್ತಲಿಲ್ಲ, ಹೊಗೆ ಎದ್ದಿತು. ಆ ಹೊಗೆಗೆ ಮೇಲಿನ ಕೊಂಬೆಯ ಹೆಜ್ಜೇನು ಎದ್ದಿತು. ಈಗ ಏನು ಮಾಡ್ತೀಯ?’ ಕಾವಲಿನವರ ಜೊತೆ ನಮ್ಮ ನಾಲ್ವರೂ ಓಡಿದರು. ಮಾಡಿದ್ದಕ್ಕೆ ಫಲ ಇರುತ್ತೆ ಅನ್ನೋ ಪಾಠ ಬೈಯದೆಯೇ ತಲೆಗೆ ಹೋಯಿತು.

*ಅನುಮಾನ ಬಂದರೆ ಕವಡೆಗೆ ಬಿಡಿ.* ನಮ್ಮ ಮನೆಯ ಲೆಕ್ಕ ಹೀಗೆ: ಮೂರು, ಚೌಕ ಅಥವಾ ಬಾರ ಬಿದ್ದರೆ ಅಂದುಕೊಂಡ ಕೆಲಸ ಆಯಿತು. ಎರಡು ಬಿದ್ದರೆ ಆಯಿತು, ಆದರೆ ಜೊತೆಗೊಂದು ತೊಂದರೆ. ಒಂದು ಬಿದ್ದರೆ ಆಗಲಿಲ್ಲ. ಹಾಗಂತ ಕತೆ ನಿಲ್ಲಬಾರದು. ಬಾಗಿಲು ತೆರೆಯಲಿಲ್ಲ ಅಂದರೆ ಆ ಸದ್ದಿಗೆ ಒಳಗಿನಿಂದ ಯಾರೋ ಎದ್ದು ಬರಲಿ! ಇದರಲ್ಲಿ ಇನ್ನೊಂದು ಲಾಭ ಇದೆ. ಬೇಡ ಅಂದದ್ದು ಅಮ್ಮ ಅಲ್ಲ, ಕವಡೆ. ಮುನಿಸಿಕೊಳ್ಳೋದಾದ್ರೆ ಕವಡೆ ಮೇಲೆ ಮುನಿಸಿಕೊಳ್ಳಲಿ.

*ಆಗಿಹೋಗುವ ಕತೆ ಬರೆಯಬೇಡಿ, ಅಲ್ಲಿರುವ ಜನರನ್ನು ಬರೆಯಿರಿ.* ನನ್ನ ದೊಡ್ಡ ತಪ್ಪು ಇಲ್ಲೇ. ‘ಮೊದಲು ಹೀಗೆ, ಆಮೇಲೆ ಹಾಗೆ’ ಅಂತ ಬರೆದಿದ್ದೆನೇ ಹೊರತು ರಾಕ್ಷಸಿಗೆ ಹೂಮಳೆ ಯಾಕೆ ಬೇಕಿತ್ತು ಅಂತ ಯೋಚಿಸಿಯೇ ಇರಲಿಲ್ಲ. ಅದು ಗೊತ್ತಿದ್ದಿದ್ದರೆ ಅವಳು ಕತ್ತಿಗೆ ಏನನ್ನುತ್ತಾಳೆ, ಊಟ ಕೇಳಿದವನಿಗೆ ಏನನ್ನುತ್ತಾಳೆ ಎರಡೂ ತಾನಾಗಿ ಹೊಳೆಯುತ್ತಿತ್ತು. ಈಗ ನಾನು ಬರೆದುಕೊಳ್ಳುವುದು ಇಷ್ಟೇ: ಯಾರಿದ್ದಾರೆ, ಅವರಿಗೆ ಏನು ಬೇಕು, ಅವರಿಗೆ ಯಾವುದರ ಭಯ. ಜೊತೆಗೆ ಒಂದು ಚೀಟಿಯಲ್ಲಿ ನಾಲ್ಕೈದು ಹೆಸರು. ಮಕ್ಕಳು ದಾರಿಯಲ್ಲಿ ಸಿಕ್ಕ ದನ ಕಾಯುವವನ ಹತ್ತಿರ ‘ನಿನ್ನ ಹೆಸರೇನು?’ ಅಂತ ಕೇಳಿಯೇ ಕೇಳುತ್ತಾರೆ, ನಾವು ತಡವರಿಸಬಾರದು ನೋಡಿ.

*ಗುಟ್ಟನ್ನು ಒಂದೇ ಕಡೆ ಬಚ್ಚಿಡಬೇಡಿ.* ಗುಹೆಯ ದಾರಿ ಗೊತ್ತಿರುವುದು ಮಠದ ಅಜ್ಜನೊಬ್ಬನಿಗೇ ಅಂತ ಇಟ್ಟುಕೊಂಡರೆ, ಮಕ್ಕಳು ಮಠದ ಕಡೆ ತಲೆ ಹಾಕದಿದ್ದಾಗ ನೀವು ಕಕ್ಕಾಬಿಕ್ಕಿ. ದೋಣಿಯವನಿಗೂ ಗೊತ್ತಿರಲಿ, ಸಂತೆಯ ಬಳೆಗಾರ್ತಿಗೂ ಗೊತ್ತಿರಲಿ. ಆದರೆ ಎತ್ತ ಹೋದರೂ ಅದೇ ಗುಹೆಗೆ ತಂದು ನಿಲ್ಲಿಸುವ ಚಾಲಾಕಿ ಬೇಡ. ಒಂದೆರಡು ಸಲ ನಡೆದೀತು, ಮೂರನೇ ಸಲಕ್ಕೆ ಮಕ್ಕಳಿಗೆ ಗೊತ್ತಾಗುತ್ತೆ. ಆಮೇಲೆ ಅವರು ಏನನ್ನೂ ಮನಸ್ಸಿಟ್ಟು ಆರಿಸುವುದಿಲ್ಲ.

*ಹೊಳೆಯದಿದ್ದರೆ ಒಪ್ಪಿಕೊಳ್ಳಿ.* ‘ಅಯ್ಯೋ, ಇದನ್ನು ನಾನು ಅಂದುಕೊಂಡೇ ಇರಲಿಲ್ಲ! ಇರಿ, ಕಾಫಿ ಕಾಸಿಕೊಂಡು ಬರ್ತೀನಿ’ ಅನ್ನಿ. ಹಾಲು ಕಾಯುವಷ್ಟರಲ್ಲಿ ಏನಾದರೂ ಹೊಳೆದೇ ಹೊಳೆಯುತ್ತೆ. ಅಮ್ಮನನ್ನೇ ಯೋಚನೆಗೆ ಹಚ್ಚಿದೆವು ಅನ್ನೋ ಖುಷಿ ಮಕ್ಕಳ ಮುಖದಲ್ಲಿ ನೋಡಬೇಕು ನೀವು.

*ಒಬ್ಬರೇ ಕತೆ ಎಳೆದುಕೊಂಡು ಹೋಗದಂತೆ ನೋಡಿಕೊಳ್ಳಿ.* ಒಬ್ಬ ಕಾಡಿಗೆ, ಒಬ್ಬಳು ಸಂತೆಗೆ ಅಂತ ಚದುರಿದರೆ ಎರಡೆರಡು ನಿಮಿಷ ಒಬ್ಬೊಬ್ಬರ ಹತ್ತಿರ ಹೋಗಿ ಬನ್ನಿ. ಸುಮ್ಮನೆ ಕೂತ ಮಗುವನ್ನು ಹೆಸರು ಹಿಡಿದು ‘ನೀನೇನು ಮಾಡ್ತಿದ್ದೀಯ?’ ಅಂತ ಕೇಳಿ. ಜೋರಾಗಿ ಮಾತಾಡುವವರದ್ದೇ ಕತೆ ಆಗಬಾರದು.

‘ಇಲ್ಲ’ ಅನ್ನಲೇಬೇಕಾದಾಗ

ಎಲ್ಲಕ್ಕೂ ಹೂಂ ಅನ್ನಿ ಅಂತ ನಾನು ಹೇಳುತ್ತಿಲ್ಲ. ಒಮ್ಮೆ ನನ್ನ ಮಗಳೇ ಸಿಟ್ಟಿನಲ್ಲಿ ‘ನಾನು ಇವನನ್ನೇ ಹೊಳೆಗೆ ತಳ್ತೀನಿ’ ಅಂತ ಪಕ್ಕದ ಮನೆಯ ಹುಡುಗನ ಪಾತ್ರದ ಮೇಲೆ ಬಿದ್ದಳು. ಬೆಳಿಗ್ಗೆ ಸೈಕಲ್‌ಗೆ ಆಗಿದ್ದ ಜಗಳ ಆಟದೊಳಗೆ ಬಂದಿತ್ತು. ಅದು ಕತೆಯ ಅನಿರೀಕ್ಷಿತ ಅಲ್ಲ, ಮನೆಯ ಜಗಳ. ಅಂಥ ಹೊತ್ತಿನಲ್ಲಿ ಕವಡೆ ಕೆಳಗಿಟ್ಟು, ಆಟ ನಿಲ್ಲಿಸಿ, ಹೊರಗೆ ಮಾತಾಡಿ. ಹಟ ಮಾಡಿದವರ ಪಾತ್ರಕ್ಕೆ ಸಿಡಿಲು ಬಡಿಸಿ ಸಾಯಿಸುವುದು ಸುಲಭ, ಆದರೆ ಅದು ನ್ಯಾಯ ಅಲ್ಲ. ಆಟದ ತೊಂದರೆಗೆ ಆಟದಲ್ಲಿ ಉತ್ತರ, ಮನೆಯ ತೊಂದರೆಗೆ ಮನೆಯಲ್ಲಿ ಉತ್ತರ. ಒಬ್ಬರ ಬಣ್ಣ, ಜಾತಿ, ಮನೆ ಸ್ಥಿತಿ ಹಿಡಿದು ಹಂಗಿಸುವ ಹಾಗಿಲ್ಲ ಅಂತ ಕೂರುವ ಮುಂಚೆಯೇ ಮಾತಾಗಿರಲಿ.

‘ಹೀಗೆ ಬಿಟ್ಟರೆ ಹೇಳಿದ ಮಾತು ಕೇಳ್ತಾರಾ?’

ಸ್ನೇಹಿತೆಯೊಬ್ಬರು ಇದನ್ನು ಕೇಳಿಯೇ ಬಿಟ್ಟರು. ಆಟದಲ್ಲಿ ಎಲ್ಲಾ ಅವರಿಷ್ಟ ಅಂತ ಬಿಟ್ಟರೆ ನಾಳೆ ಹೋಂವರ್ಕಿಗೂ ಹಾಗೇ ಅಂದರೆ? ಅನುಮಾನ ಸಹಜ. ನನ್ನ ಅನುಭವ ಬೇರೆ. ಆಟದಲ್ಲಿ ಮಕ್ಕಳಿಗೆ ಸಿಗುವುದು ‘ಏನು ಮಾಡಿದರೂ ನಡೆಯುತ್ತೆ’ ಅನ್ನುವ ಸಲುಗೆಯಲ್ಲ. ‘ನೀನು ಆರಿಸು, ಆರಿಸಿದ್ದನ್ನು ನೀನೇ ಹೊರು’ ಅನ್ನುವ ಅಭ್ಯಾಸ. ಹೆಜ್ಜೇನು ಎಬ್ಬಿಸಿದ ಹುಡುಗ ಮುಂದಿನ ಸಲ ಬೆಂಕಿ ಅನ್ನುವ ಮುಂಚೆ ಅಕ್ಕನ ಮುಖ ನೋಡಿದ!

ಇಷ್ಟಕ್ಕೂ ಅನಿರೀಕ್ಷಿತ ಅನ್ನೋದು ನಮಗೆ ಹೊಸದೇ ಹೇಳಿ? ನಾಲ್ಕು ಜನಕ್ಕೆ ಅಡುಗೆ ಮಾಡಿಟ್ಟಾಗ ಏಳು ಜನ ಬಂದಿಳಿಯುತ್ತಾರೆ. ಸಾರಿಗೆ ನೀರು ಬೆರೆಸಿ, ಎರಡು ಹಪ್ಪಳ ಹೆಚ್ಚು ಕರಿದು, ‘ಬನ್ನಿ ಬನ್ನಿ’ ಅನ್ನುತ್ತೇವೆ. ಕಣದಲ್ಲಿ ಕಾಫಿ ಹರಡಿದ ದಿನವೇ ಮೋಡ ಕಟ್ಟಿದರೆ ಮೋಡವನ್ನು ಬೈಯುತ್ತಾ ನಿಲ್ಲುತ್ತೇವೆಯೇ? ಟಾರ್ಪಾಲು ಎಳೆಯುತ್ತೇವೆ. ನೆಂಟರಿಗೆ, ಮಳೆಗೆ ಇರುವ ಈ ತಾಳ್ಮೆ ಮಕ್ಕಳ ಮಾತಿಗೆ ಮಾತ್ರ ಯಾಕೆ ಇರುವುದಿಲ್ಲ? ನಾವು ಅಂದುಕೊಂಡ ಹಾಗೇ ಅವರು ಹೇಳಬೇಕು, ಅಂದುಕೊಂಡ ಹಾಗೇ ಮಾಡಬೇಕು, ಆಟದಲ್ಲೂ ಕೂಡ. ನನಗಂತೂ ಇದು ಸರಿ ಅನ್ನಿಸುವುದಿಲ್ಲ.

ಮತ್ತೆ ಅದೇ ರಾಕ್ಷಸಿ

ಅದೇ ವರ್ಷ ದಸರಾ ರಜೆಗೆ ನಾದಿನಿಯ ಮಗ ಬಂದಾಗ ‘ಆ ಕತೆ ಮತ್ತೆ ಆಡೋಣ, ಹೋದ ಸಲ ನಾನೇ ತಪ್ಪು ಹೇಳಿದ್ದೆ’ ಅಂದೆ. ದೊಡ್ಡವರು ತಪ್ಪು ಒಪ್ಪಿಕೊಂಡದ್ದು ಕೇಳಿ ನಾಲ್ವರಿಗೂ ಪರಮಾಶ್ಚರ್ಯ! ಗುಹೆ ಬಂತು. ರಾಕ್ಷಸಿ ಎದ್ದಳು. ಅವನು ನನ್ನ ಮುಖ ನೋಡಿದ. ಮೆಲ್ಲಗೆ, “ಒಲೆ ಮುಂದೆ ಕೂತ್ಕೊಳ್ತೀನಿ” ಅಂದ.

“ಕೂತ್ಕೋ,” ಅಂದಳು ರಾಕ್ಷಸಿ. “ಗಂಜಿ ಇದೆ, ಹಲಸಿನ ಹಪ್ಪಳ ಇದೆ. ನಮ್ಮನೆಗೆ ಕತ್ತಿ ಇಲ್ಲದೆ ಬಂದವನು ನೀನೇ ಮೊದಲು. ನಿನ್ನ ಮನೆ ಎಲ್ಲಿ ಮಗಾ?”

ಅವನು ರಾಕ್ಷಸಿಗೆ ಹೇಳಿದ. ಮನೆ ದೂರ ಅಂದ. ರಾತ್ರಿ ಲೈಟ್ ಆರಿಸಿದ ಮೇಲೆ ಮಾತಾಡುವ ಹಾಗಿಲ್ಲ ಅಂದ. ಪಕ್ಕದ ಮಂಚದವನೂ ಅಳುತ್ತಾನೆ, ಆದರೆ ಇಬ್ಬರೂ ಕೇಳಿಸದ ಹಾಗೆ ಮಾಡ್ತೀವಿ ಅಂದ. ಈ ಸಲ ಯಾರೂ ನಗಲಿಲ್ಲ. ನಾನೂ ಹೆಚ್ಚು ಕೆದಕಲಿಲ್ಲ. ಆಟವನ್ನು ವಿಚಾರಣೆ ಮಾಡಬಾರದು, ಮಕ್ಕಳು ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳುತ್ತಾರೆ.

ಆಮೇಲೆ ನನ್ನ ಮಗಳು ರಾಕ್ಷಸಿಯನ್ನು ಕೇಳಿದಳು: ‘ಮಳೆ ಯಾಕೆ ಮುಚ್ಚಿಟ್ಟಿದ್ದೀಯ?’ ಹೋದ ಮಳೆಗಾಲದಲ್ಲಿ ನೀರು ನಿಂತು ತನ್ನ ಮೆಣಸಿನ ಬಳ್ಳಿಯೆಲ್ಲಾ ಸೊರಗಿ ಹೋಯಿತು, ಅದಕ್ಕೆ ಮಳೆಯೆಂದರೇ ಭಯ ಅಂತ ರಾಕ್ಷಸಿ ಅತ್ತಳು. ‘ಅಯ್ಯೋ, ನಮ್ಮನೇಲೂ ಹಾಗೇ ಆಗಿತ್ತು!’ ಅಂದ ಪಕ್ಕದ ಮನೆ ಹುಡುಗ. ನಾಲ್ವರೂ ಸೇರಿ ಅವಳ ತೋಟಕ್ಕೆ ಬಸಿಗಾಲುವೆ ತೆಗೆದುಕೊಟ್ಟರು. ಕವಡೆ ಎರಡು ಬಿತ್ತು. ಹಾಗಾಗಿ ಒಂದು ಗುದ್ದಲಿ ಮುರಿಯಿತು. ಹಂಡೆಯ ಮುಚ್ಚಳ ಅವಳೇ ತೆಗೆದಳು. ನಾನು ಮುತುವರ್ಜಿಯಿಂದ ಬರೆದ ಯುದ್ಧ ನೋಟ್‌ಬುಕ್ಕಿನಲ್ಲೇ ಉಳಿಯಿತು!

ನಾದಿನಿಗೆ ಆ ರಾತ್ರಿಯೇ ಫೋನ್ ಮಾಡಿದೆ. ಹುಡುಗನನ್ನು ಹಾಸ್ಟೆಲ್ ಬಿಡಿಸಲಿಲ್ಲ, ಅವರ ಪರಿಸ್ಥಿತಿಯಲ್ಲಿ ಅದು ಆಗುವ ಮಾತೂ ಅಲ್ಲ. ಆದರೆ ಭಾನುವಾರದ ಫೋನಿನಲ್ಲಿ ‘ಚೆನ್ನಾಗಿ ಓದ್ತಿದ್ದೀಯಾ?’ ಅಂತ ಶುರು ಮಾಡುತ್ತಿದ್ದವಳು ಈಗ ‘ಪಕ್ಕದ ಮಂಚದವನು ಹೇಗಿದ್ದಾನೋ?’ ಅಂತ ಶುರು ಮಾಡುತ್ತಾಳೆ. ಮಾತು ಉದ್ದ ಆಗಿದೆಯಂತೆ. ರಜೆಗೆ ಆ ಹುಡುಗನೂ ಒಮ್ಮೆ ಜೊತೆಗೆ ಬಂದಿದ್ದ.

ಈ ಮಳೆಗೆ ನಿಮ್ಮ ಮನೆಯಲ್ಲೂ ಕರೆಂಟು ಹೋದೀತು. ಕವಡೆ ಇಲ್ಲದಿದ್ದರೆ ಹುಣಸೆಬೀಜ ಒಡೆದು ಹೋಳು ಮಾಡಿಕೊಂಡರೂ ಆಯಿತು. ಕತೆ ಶುರು ಮಾಡಿ. ಅದು ನಿಮ್ಮ ಕೈತಪ್ಪಿ ಹೋಗುವ ಗಳಿಗೆ ಬಂದೇ ಬರುತ್ತೆ. ಆಗ ಗಾಬರಿಯಾಗಬೇಡಿ, ಬೈಯಬೇಡಿ. ‘ಆಯ್ತು ಮಗಾ, ಆಮೇಲೆ?’ ಅಂತ ಕೇಳಿ ನೋಡಿ.